ದುಬೈಗೆ ಕಾಫಿಪುಡಿ ಕಳಿಸುವ ಮುನ್ನ: ಹೊರದೇಶದಲ್ಲಿ ಟ್ರೇಡ್‌ಮಾರ್ಕ್, ಡಿಸೈನ್, ಪೇಟೆಂಟ್ ಮಾಡಿಸುವ ಕ್ರಮ

ಭಾರತದ ಟ್ರೇಡ್‌ಮಾರ್ಕ್ ಸರ್ಟಿಫಿಕೇಟ್ ನಡೆಯುವುದು ಭಾರತದೊಳಗೆ ಮಾತ್ರ. ಚಿಕ್ಕಮಗಳೂರಿನ ಕಾಫಿಪುಡಿ, ಮೈಸೂರಿನ ಅಗರಬತ್ತಿ ಹೊರದೇಶದ ಅಂಗಡಿ ಸೇರಿತು ಅಂದರೆ ಅಲ್ಲಿನ ವಿತರಕನೇ ನಿಮ್ಮ ಬ್ರ್ಯಾಂಡನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದುಂಟು. ಚೀನಾದಂಥ ಕಡೆ ಯಾರು ಮೊದಲು ಅರ್ಜಿ ಹಾಕಿದರೋ ಅವರಿಗೇ ಹಕ್ಕು. ಎಷ್ಟು ವರ್ಷದಿಂದ ಮಾರುತ್ತಿದ್ದೀರಿ ಎಂಬುದು ಸಾಮಾನ್ಯವಾಗಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ಖರ್ಚಿನ ಲೆಕ್ಕಕ್ಕಿಂತ ಮೊದಲು ಕ್ಯಾಲೆಂಡರ್ ನೋಡಿ. ಭಾರತದಲ್ಲಿ ಮೊದಲ ಅರ್ಜಿ ಹಾಕಿದ ದಿನದಿಂದ ಟ್ರೇಡ್‌ಮಾರ್ಕ್ ಮತ್ತು ಡಿಸೈನ್‌ಗೆ (ವಸ್ತುವಿನ ಹೊರರೂಪದ ಹಕ್ಕು) 6 ತಿಂಗಳು, ಪೇಟೆಂಟ್‌ಗೆ (ಹೊಸ ಆವಿಷ್ಕಾರದ ಹಕ್ಕು) 12 ತಿಂಗಳು. ಅಷ್ಟರೊಳಗೆ ಹೊರದೇಶದಲ್ಲಿ ಹಾಕಿದರೆ ಅಲ್ಲಿಯೂ ಭಾರತದ ತಾರೀಖೇ ನಿಮ್ಮ ತಾರೀಖು. ಇದು ಪ್ಯಾರಿಸ್ ಒಪ್ಪಂದದ ಸೌಲಭ್ಯ, ಭಾರತಕ್ಕೆ 1998ರಿಂದ ಇದೆ. ಅವಧಿ ತಪ್ಪಿದರೆ ಮೂರಕ್ಕೂ ಒಂದೇ ಪರಿಣಾಮವಲ್ಲ. ಟ್ರೇಡ್‌ಮಾರ್ಕ್ ಆಮೇಲೂ ಹಾಕಬಹುದು, ಹಳೆಯ ತಾರೀಖು ಸಿಗುವುದಿಲ್ಲ ಅಷ್ಟೇ. ಡಿಸೈನ್ ಮತ್ತು ಪೇಟೆಂಟ್‌ಗೆ ಹೊಸತನವೇ ಜೀವ; ಅಷ್ಟರಲ್ಲಿ ವಸ್ತು ಮಾರುಕಟ್ಟೆಗೆ ಬಂದಿದ್ದರೆ ನಿಮ್ಮ ಮಾಲೇ ನಿಮ್ಮ ಅರ್ಜಿಗೆ ಅಡ್ಡಬರಬಹುದು.

ಟ್ರೇಡ್‌ಮಾರ್ಕ್: ಮ್ಯಾಡ್ರಿಡ್ ದಾರಿ

2013ರ ಜುಲೈ 8ರಿಂದ ಭಾರತ ಮ್ಯಾಡ್ರಿಡ್ ಪ್ರೋಟೋಕಾಲ್‌ನ ಸದಸ್ಯ. ಇಲ್ಲಿನ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಆನ್‌ಲೈನ್ ಪೋರ್ಟಲ್‌ನಲ್ಲಿ ಒಂದೇ ಅರ್ಜಿ (ಎಂಎಂ2) ತುಂಬಿ, ಬೇಕಾದ ದೇಶಗಳನ್ನು ಗುರುತು ಮಾಡಿದರಾಯಿತು. ಅಮೆರಿಕ, ಐರೋಪ್ಯ ಒಕ್ಕೂಟ, ಚೀನಾ, ಸಿಂಗಾಪುರ ಈ ಪಟ್ಟಿಯಲ್ಲಿವೆ. ಯುಎಇ ಸೇರಿದ್ದು 2021ರ ಡಿಸೆಂಬರ್ 28ರಂದು. ಎಲ್ಲ ದೇಶಗಳೂ ಇಲ್ಲ, ನಿಮಗೆ ಬೇಕಾದ್ದು ಇದೆಯೇ ಎಂದು ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ.

ಇದಕ್ಕೆ ಆಧಾರವಾಗಿ ಭಾರತದ ಅರ್ಜಿ ಅಥವಾ ನೋಂದಣಿ ಇರಲೇಬೇಕು. ರಿಜಿಸ್ಟ್ರಿ ಅದನ್ನೂ ಮ್ಯಾಡ್ರಿಡ್ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಭಾರತದ ಅರ್ಜಿ ಅಪ್ಪನ ಹೆಸರಿನ ಪ್ರೊಪ್ರೈಟರ್‌ಶಿಪ್‌ನಲ್ಲಿದೆ, ಎಕ್ಸ್‌ಪೋರ್ಟ್ ಮಾಡುವುದು ಮಕ್ಕಳು ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದಿದ್ದರೆ ಅರ್ಜಿ ಮುಂದೆ ಹೋಗದು. ಮೊದಲು ಅಸೈನ್‌ಮೆಂಟ್ (ಹಕ್ಕು ವರ್ಗಾವಣೆ ಪತ್ರ) ಬರೆಸಿ ಮಾಲೀಕತ್ವ ಬದಲಿಸಿಕೊಳ್ಳಿ. ಲೋಗೋ ಇಲ್ಲಿ ಕೊಟ್ಟ ಹಾಗೇ ಇರಬೇಕು. ಸರಕಿನ ಪಟ್ಟಿಯನ್ನು ಕಿರಿದು ಮಾಡಬಹುದು, ಹಿಗ್ಗಿಸುವಂತಿಲ್ಲ.

ಸರಕಿನ ಪಟ್ಟಿಗೆ ಸಮಯ ಕೊಡಿ. ಸರಕುಗಳನ್ನು ನಂಬರಿನ ಕ್ಲಾಸ್‌ಗಳಾಗಿ ವಿಂಗಡಿಸಿದ್ದಾರೆ; ಕಾಫಿಪುಡಿ ಕ್ಲಾಸ್ 30. ಅದೇ ಬ್ರ್ಯಾಂಡಿನಲ್ಲಿ ಸ್ಟೀಲ್ ಫಿಲ್ಟರನ್ನೂ ಮಾರುತ್ತಿದ್ದರೆ ಅದು ಕ್ಲಾಸ್ 21. ಕರೆಂಟಿನ ಕಾಫಿ ಮೇಕರ್ ಆದರೆ 11. ಅಗರಬತ್ತಿ 3. ನಮ್ಮಲ್ಲಿ ‘ಈ ಕ್ಲಾಸಿನ ಎಲ್ಲ ಸರಕುಗಳು’ ಎಂದು ಬರೆಯುವ ಅಭ್ಯಾಸವಿದೆ. ಅಮೆರಿಕದ ಪರೀಕ್ಷಕರು ಅದನ್ನು ಒಪ್ಪುವುದಿಲ್ಲ. ‘ಹುರಿದು ಪುಡಿಮಾಡಿದ ಕಾಫಿ, ಚಿಕೋರಿ ಬೆರೆಸಿದ ಕಾಫಿ’ ಎಂದು ಬಿಡಿಸಿ ಬರೆಯಿರಿ.

ಲೋಗೋದಲ್ಲಿ ಕನ್ನಡ ಅಕ್ಷರಗಳಿದ್ದರೆ ರೋಮನ್ ಲಿಪಿಯಲ್ಲಿ ಅದರ ಉಚ್ಚಾರಣೆ ಕೊಡುವುದು ಕಡ್ಡಾಯ. ಇನ್ನೊಂದು ಸೂಕ್ಷ್ಮವಿದೆ: ಕನ್ನಡ ಲೋಗೋ ಮಾತ್ರ ನೋಂದಾಯಿಸಿ, ದುಬೈ ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ ಮಾತ್ರ ಮುದ್ರಿಸಿದರೆ ರಕ್ಷಣೆ ಒಂದಕ್ಕೆ, ಬಳಕೆ ಇನ್ನೊಂದಕ್ಕೆ ಆಗುತ್ತದೆ. ಎರಡೂ ಬೇಕಿದ್ದರೆ ಭಾರತದಲ್ಲೇ ಎರಡು ಅರ್ಜಿ ಹಾಕಿ. ಚೀನಾಕ್ಕೆ ಹೋಗುವವರು ಚೀನೀ ಲಿಪಿಯಲ್ಲೂ ಒಂದು ಹೆಸರು ಆರಿಸಿ ನೋಂದಾಯಿಸಿಕೊಳ್ಳುವುದು ವಾಸಿ. ಇಲ್ಲದಿದ್ದರೆ ಅಲ್ಲಿನ ಗ್ರಾಹಕರೋ ವ್ಯಾಪಾರಿಯೋ ಒಂದು ಹೆಸರಿಡುತ್ತಾರೆ, ಅದನ್ನು ಬೇರೆ ಯಾರೋ ನೋಂದಾಯಿಸಿಕೊಂಡಿರುತ್ತಾರೆ.

ಖರ್ಚು ಎರಡು ಕಡೆ. ಭಾರತದ ರಿಜಿಸ್ಟ್ರಿಗೆ ನಿರ್ವಹಣಾ ಶುಲ್ಕ 5,000 ರೂಪಾಯಿ. ಜಿನೀವಾದ ವೈಪೋಗೆ ನೇರವಾಗಿ ಸ್ವಿಸ್ ಫ್ರಾಂಕ್‌ನಲ್ಲಿ ಮೂಲ ಶುಲ್ಕ: ಕಪ್ಪುಬಿಳುಪು ಗುರುತಿಗೆ 653, ಬಣ್ಣದ್ದಕ್ಕೆ 903. ಇದರ ಮೇಲೆ ಪ್ರತಿ ದೇಶದ ಶುಲ್ಕ ಬೇರೆ. ಅಮೆರಿಕ, ಐರೋಪ್ಯ ಒಕ್ಕೂಟದಂಥವು ತಮ್ಮದೇ ದರ ಇಟ್ಟಿವೆ. ವೈಪೋ ತಾಣದ ಫೀ ಕ್ಯಾಲ್ಕುಲೇಟರ್‌ನಲ್ಲಿ ಹಾಕಿದರೆ ಅವತ್ತಿನ ಮೊತ್ತ ಸಿಗುತ್ತದೆ. ಬಣ್ಣವೇ ಗುರುತಿನ ಜೀವಾಳವಲ್ಲದಿದ್ದರೆ 250 ಫ್ರಾಂಕ್ ಉಳಿಸಿ. ಆದರೆ ಭಾರತದ ಅರ್ಜಿಯೂ ಕಪ್ಪುಬಿಳುಪಿನಲ್ಲೇ ಇರಬೇಕು.

ರಿಜಿಸ್ಟ್ರಿ ಪ್ರಮಾಣೀಕರಿಸಿದ ಅರ್ಜಿ 2 ತಿಂಗಳೊಳಗೆ ಜಿನೀವಾ ತಲುಪಿದರೆ, ನೀವು ಇಲ್ಲಿ ಹಾಕಿದ ದಿನವೇ ಅಂತರರಾಷ್ಟ್ರೀಯ ತಾರೀಖು. ವೈಪೋ ದೋಷ ತೋರಿಸಿದರೆ ಸರಿಪಡಿಸಲು 3 ತಿಂಗಳು. ಸರಕಿನ ವರ್ಗೀಕರಣದ ದೋಷವಾದರೆ ಉತ್ತರ ನಿಮ್ಮಿಂದ ನೇರವಾಗಿ ಅಲ್ಲ, ಭಾರತದ ರಿಜಿಸ್ಟ್ರಿಯ ಮೂಲಕ ಹೋಗಬೇಕು. ಆ ನೋಟಿಸಿನ ಪ್ರತಿ ಇಮೇಲ್‌ಗೆ ಬಂತು ಎಂದು ಕೂತರೆ ದಿನ ಕಳೆದುಹೋಗುತ್ತದೆ. ರಿಜಿಸ್ಟ್ರಿಯ ಬೆನ್ನು ಹತ್ತಿ.

ವೈಪೋ ಸರ್ಟಿಫಿಕೇಟ್ ಬಂದ ಕೂಡಲೇ ಫ್ರೇಮ್ ಹಾಕಿಸುವವರಿದ್ದಾರೆ. ಅದು ಅರ್ಜಿ ದಾಖಲಾಯಿತು ಎಂಬುದಕ್ಕೆ ರಸೀದಿ ಇದ್ದಂತೆ. ಪ್ರತಿ ದೇಶವೂ ತನ್ನ ಕಾನೂನಿನಂತೆ ಪರೀಕ್ಷಿಸಿ, 12 ಅಥವಾ 18 ತಿಂಗಳೊಳಗೆ ಬೇಡ ಎನ್ನಬಹುದು. ಅಮೆರಿಕ ಆಕ್ಷೇಪ ಎತ್ತಿದರೆ ಉತ್ತರಕ್ಕೆ 6 ತಿಂಗಳು, ಅದೂ ಅಲ್ಲಿನ ಲೈಸೆನ್ಸ್ ಇರುವ ಅಟಾರ್ನಿ ಮೂಲಕ. ಒಪ್ಪಿದ ಮೇಲೂ ಅಲ್ಲಿ 5 ಮತ್ತು 6ನೇ ವರ್ಷದ ನಡುವೆ ಬಳಕೆಯ ಘೋಷಣೆ ಕೊಡಬೇಕು. ಮರೆತರೆ ನೋಂದಣಿ ರದ್ದು.

ಜರ್ನಲ್‌ನಲ್ಲಿ, ಅಂದರೆ ಅರ್ಜಿಗಳ ಅಧಿಕೃತ ಪತ್ರಿಕೆಯಲ್ಲಿ, ಪ್ರಕಟವಾದ ಮೇಲೆ ಸರ್ಕಾರಿ ಮುದ್ರೆ ಇದ್ದಂತೆ ಕಾಣುವ ಬಿಲ್ಲುಗಳು ಬರತೊಡಗುತ್ತವೆ: ‘ಅಂತರರಾಷ್ಟ್ರೀಯ ರಿಜಿಸ್ಟರ್‌ನಲ್ಲಿ ಪ್ರಕಟಣೆ’ಗೆ ಇಷ್ಟು ಕಟ್ಟಿ ಎಂದು. ಜರ್ನಲ್ ನೋಡಿ ವಿಳಾಸ ಎತ್ತಿಕೊಂಡ ಮೋಸಗಾರರ ಕೆಲಸ ಅದು. ನಿಮ್ಮ ಏಜೆಂಟರನ್ನು ಕೇಳದೆ ಒಂದು ಪೈಸೆಯೂ ಕಟ್ಟಬೇಡಿ.

ಮ್ಯಾಡ್ರಿಡ್‌ನ ನಿಜವಾದ ದೌರ್ಬಲ್ಯ 5 ವರ್ಷದ ಅವಲಂಬನೆ. ಆ ಅವಧಿಯಲ್ಲಿ ಭಾರತದ ಮೂಲ ಅರ್ಜಿ ತಿರಸ್ಕೃತವಾದರೆ ಹೊರದೇಶದ್ದೆಲ್ಲ ಒಟ್ಟಿಗೆ ಬೀಳುತ್ತದೆ. 3 ತಿಂಗಳೊಳಗೆ ಪ್ರತಿ ದೇಶದಲ್ಲೂ ಬೇರೆ ಅರ್ಜಿಯಾಗಿ ಪರಿವರ್ತಿಸಿಕೊಳ್ಳಬಹುದು, ಖರ್ಚು ಮಾತ್ರ ಮತ್ತೆ ಮೊದಲಿನಿಂದ. ಇಲ್ಲಿ ಜರ್ನಲ್‌ನಲ್ಲಿ ಬಂದ ಮೇಲೆ 4 ತಿಂಗಳ ವಿರೋಧದ ಅವಧಿ ಇದೆ; ಯಾರಾದರೂ ಗಟ್ಟಿಯಾಗಿ ವಿರೋಧಿಸುವ ಲಕ್ಷಣವಿದ್ದರೆ, ಅಥವಾ ಬೇಕಿರುವುದು ಒಂದೇ ದೇಶವಾದರೆ, ಆ ದೇಶದ ಏಜೆಂಟ್ ಮೂಲಕ ನೇರ ಅರ್ಜಿಯೇ ಮೇಲು.

ಡಿಸೈನ್

ಡಿಸೈನ್‌ಗೆ ಮ್ಯಾಡ್ರಿಡ್‌ನಂಥದ್ದೇ ಹೇಗ್ ವ್ಯವಸ್ಥೆ ಇದೆ, ಆದರೆ ಸದಸ್ಯ ದೇಶಗಳೊಡನೆ ಪೌರತ್ವ, ವಾಸ ಅಥವಾ ನಿಜವಾದ ವ್ಯಾಪಾರದ ನಂಟು ಇದ್ದವರಿಗೆ ಮಾತ್ರ. ಉಳಿದವರು ಕೋಲ್ಕತ್ತಾದ ಡಿಸೈನ್ ವಿಭಾಗದಲ್ಲಿ ಅರ್ಜಿ ಹಾಕಿ, 6 ತಿಂಗಳೊಳಗೆ ಒಂದೊಂದು ದೇಶಕ್ಕೂ ಹೋಗಬೇಕು. ಐರೋಪ್ಯ ಒಕ್ಕೂಟಕ್ಕೆ ಸ್ಪೇನಿನ ಅಲಿಕಾಂಟೆಯ ಕಚೇರಿಯಲ್ಲಿ ಒಂದೇ ಅರ್ಜಿ ಸಾಕು. ಚಿತ್ರಗಳನ್ನು ಮೊದಲ ದಿನವೇ ಅಚ್ಚುಕಟ್ಟಾಗಿ ಬರೆಸಿ: ಎಲ್ಲ ಬದಿಯ ನೋಟಗಳೂ ಇರಲಿ, ಹಕ್ಕು ಬೇಡದ ಭಾಗಕ್ಕೆ ಚುಕ್ಕಿಗೆರೆ ಇರಲಿ. ಆಮೇಲೆ ಹೊಸ ನೋಟ ಸೇರಿಸಿದರೆ ಭಾರತದ ತಾರೀಖು ಕೈತಪ್ಪಬಹುದು.

ಪೇಟೆಂಟ್

ಇಲ್ಲಿ ಮೊದಲು ನೋಡಬೇಕಾದ್ದು ನಮ್ಮದೇ ಕಾಯಿದೆ. ಭಾರತದಲ್ಲಿ ವಾಸಿಸುವ ಸಂಶೋಧಕರು ನೇರ ಹೊರದೇಶಕ್ಕೆ ಅರ್ಜಿ ಹಾಕುವಂತಿಲ್ಲ. ಒಂದೋ ಭಾರತದಲ್ಲಿ ಹಾಕಿ 6 ವಾರ ಕಾಯಬೇಕು, ಇಲ್ಲವೇ ಫಾರ್ಮ್ 25 ಕೊಟ್ಟು ಅನುಮತಿ ಪಡೆಯಬೇಕು. 1970ರ ಪೇಟೆಂಟ್ ಕಾಯಿದೆಯ 39ನೇ ಕಲಮು ಇದು. ಮೀರಿದರೆ ಭಾರತದ ಅರ್ಜಿ ಕೈಬಿಟ್ಟಂತೆ, 118ನೇ ಕಲಮಿನಡಿ 2 ವರ್ಷದವರೆಗೆ ಜೈಲೂ ಆಗಬಹುದು. ಕಂಪನಿ ಅಮೆರಿಕದ್ದು, ಸಂಶೋಧಕರಲ್ಲಿ ಒಬ್ಬರು ಬೆಂಗಳೂರಿನ ಎಂಜಿನಿಯರ್ ಎಂದರೂ ಇದು ಅನ್ವಯಿಸುತ್ತದೆ. ಕರ್ನಾಟಕದವರಿಗೆ ಪೇಟೆಂಟ್ ಕಚೇರಿ ಚೆನ್ನೈ.

ಆಮೇಲೆ 12 ತಿಂಗಳೊಳಗೆ ಪಿಸಿಟಿ (ಹಲವು ದೇಶಗಳಿಗೆ ಒಂದೇ ಪೇಟೆಂಟ್ ಅರ್ಜಿಯ ಒಪ್ಪಂದ) ಅರ್ಜಿ ಹಾಕಿದರೆ ಯಾವ ದೇಶ ಎಂದು ತೀರ್ಮಾನಿಸಲು ಮೊದಲ ತಾರೀಖಿನಿಂದ 30 ತಿಂಗಳು ಸಿಗುತ್ತದೆ, ಯುರೋಪಿಯನ್ ಪೇಟೆಂಟ್ ಕಚೇರಿಗೆ 31. ಅರ್ಜಿದಾರರೆಲ್ಲರೂ ವ್ಯಕ್ತಿಗಳೇ ಆಗಿದ್ದು ಭಾರತದವರಾದರೆ ಪಿಸಿಟಿಯ ಅಂತರರಾಷ್ಟ್ರೀಯ ಶುಲ್ಕದಲ್ಲಿ 90% ಕಡಿತ ಇದೆ. ಕಂಪನಿ ಹೆಸರು ಸೇರಿಸಿದರೆ ಅದು ಹೋಯಿತು.

ಅರ್ಜಿಗೆ ಮುಂಚೆ ಎಕ್ಸ್‌ಪೋದಲ್ಲಿ ಯಂತ್ರ ಓಡಿಸಿ ತೋರಿಸಿದರೆ, ಯೂಟ್ಯೂಬ್‌ಗೆ ವಿಡಿಯೋ ಹಾಕಿದರೆ ಅಮೆರಿಕದಲ್ಲಿ 12 ತಿಂಗಳ ವಿನಾಯಿತಿ ಉಂಟು. ಯುರೋಪಿನಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ, ಪೇಟೆಂಟ್ ಅಲ್ಲಿಗೆ ಮುಗಿಯಿತು. ತೋರಿಸಲೇಬೇಕೆಂದಿದ್ದರೆ ಹಿಂದಿನ ದಿನವಾದರೂ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ ನಂಬರ್ ತೆಗೆದುಕೊಳ್ಳಿ. ಆದರೆ ಯಂತ್ರದ ಪೂರ್ತಿ ವಿವರ ಅದರಲ್ಲಿರಬೇಕು. ಬರೆಯದೆ ಬಿಟ್ಟ ಭಾಗಕ್ಕೆ ಆ ತಾರೀಖು ಸಿಗುವುದಿಲ್ಲ.