ಒಬ್ಬರ ರೂಮು ಇನ್ನೊಬ್ಬರ ಹೆಸರಿಗೆ: ಎಂಜಿನ್‌ಎಕ್ಸ್ ಒಳಗಿನ ಲುವಾ, ನನ್ನ ಅನುಭವ

ಮಡಿಕೇರಿ ಸುತ್ತಿನ 11 ಹೋಂಸ್ಟೇಗಳ ಬುಕಿಂಗ್ ಸೈಟು ನೋಡಿಕೊಳ್ಳೋದು ನಾನೇ. ಓಪನ್‌ರೆಸ್ಟಿ (ಎಂಜಿನ್‌ಎಕ್ಸ್ ವೆಬ್ ಸರ್ವರ್ ಒಳಗೇ ಕೋಡ್ ಓಡಿಸೋ ತಂತ್ರಾಂಶ), ಅದರೊಳಗೆ ಲುವಾ ಭಾಷೆಯ ಕೋಡ್, ಅದರ ಬೆನ್ನಿಗೆ ಮಾಹಿತಿ ಇಡೋ ರೆಡಿಸ್. ತಿಂಗಳಿಗೆ 800 ರೂಪಾಯಿಯ ಪುಟ್ಟ ಸರ್ವರ್. "ಅದನ್ನ ಬಿಟ್ಟು ಪಿಎಚ್‌ಪಿಗೆ ಬಾ ಮಾರಾಯ" ಅಂತ ಬೆಂಗಳೂರಿನ ಗೆಳೆಯರು ಹೇಳುತ್ತಲೇ ಇದ್ದರು.

ದಸರಾ ಬಂತು. ಒಬ್ಬರ ರೂಮು ಇನ್ನೊಬ್ಬರ ಹೆಸರಿಗೆ ಹೋಗಿ, ಗಾಳಿಬೀಡಿನ ಒಂದೇ ಕೋಣೆಗೆ ಎರಡು ಕುಟುಂಬ ಬಂದು ನಿಂತವು. ದಶಮಂಟಪದ ರಾತ್ರಿ ಮಡಿಕೇರಿಯಲ್ಲಿ ಬೇರೆ ರೂಮು ಎಲ್ಲಿ ಸಿಗುತ್ತೆ? ಹಣ ವಾಪಸ್ಸು, ಜೀಪ್ ಬಾಡಿಗೆ ಸೇರಿ ಸುಮಾರು 9,000 ಕೈಬಿಟ್ಟಿತು. ಸೈಟನ್ನೇ ಹೊಸದಾಗಿ ಬರೆದುಕೊಡಲು ಒಬ್ಬರು 40,000 ಕೇಳಿದರು.

ಎರರ್ ಲಾಗ್‌ನಲ್ಲಿ ಸಿಕ್ಕಿದ್ದು ಬೇರೆಯೇ ತಪ್ಪು: ಯೂಸರ್‌ಡೇಟಾ (ಸಂಖ್ಯೆಯಲ್ಲದ ಒಂದು ಬಗೆಯ ಮೌಲ್ಯ) ಮೇಲೆ ಲೆಕ್ಕ ಮಾಡಲಾಗದು ಅಂತ. ರೆಡಿಸ್‌ನಲ್ಲಿ ಕೀ ಇಲ್ಲದಿದ್ದರೆ ಬರೋದು ಲುವಾದಲ್ಲಿ 'ಏನೂ ಇಲ್ಲ' ಅನ್ನೋ ನಿಲ್ ಅಲ್ಲ, ಎನ್‌ಜಿಎಕ್ಸ್ ಡಾಟ್ ನಲ್ ಅನ್ನೋ ಯೂಸರ್‌ಡೇಟಾ. 'ಇಲ್ಲದಿದ್ದರೆ' ಅಂತ ನೋಡೋ 'ಇಫ್ ನಾಟ್' ಅದನ್ನು ಹಿಡಿಯಲ್ಲ. ಅರ್ಧ ಗಂಟೆಯಲ್ಲಿ ಸರಿಮಾಡಿದೆ. ಹೆಸರು ಅದಲುಬದಲಾಗೋದು ಮಾತ್ರ ನಿಲ್ಲಲಿಲ್ಲ.

ಮನೆಯ ಲ್ಯಾಪ್‌ಟಾಪಿನಲ್ಲಿ 4 ರಾತ್ರಿ ಕೂತೆ. ಆ ತಪ್ಪು ಒಂದು ಸಲವೂ ಬರಲಿಲ್ಲ! ಆಮೇಲೆ ಹೊಳೆಯಿತು, ಅಲ್ಲಿ ಲುವಾ ಕೋಡ್ ಕ್ಯಾಶ್ (ಒಮ್ಮೆ ಓದಿದ ಕೋಡನ್ನು ನೆನಪಲ್ಲಿ ಇಟ್ಟುಕೊಳ್ಳೋ ಸೆಟ್ಟಿಂಗ್) ಆಫ್ ಇತ್ತು. ಹಾಗಿದ್ದರೆ ಪ್ರತಿ ರಿಕ್ವೆಸ್ಟಿಗೂ ಲುವಾ ಓಡೋ ಜಾಗ (ವಿಎಂ) ಹೊಸದು, ಹಳೆಯದು ಉಳಿಯೋದೇ ಇಲ್ಲ ಅಲ್ವಾ? ಆನ್ ಮಾಡಿದೆ. ರಿಕ್ವೆಸ್ಟ್‌ಗಳನ್ನು ನೋಡಿಕೊಳ್ಳೋ ಪ್ರೋಗ್ರಾಂ, ಅಂದರೆ ವರ್ಕರ್, ಒಂದೇ ಇಟ್ಟೆ. ಎರಡು ಟರ್ಮಿನಲ್‌ನಿಂದ ಎರಡು ಹೆಸರಲ್ಲಿ ಎಬಿ (ಒಟ್ಟಿಗೆ ಬಹಳ ರಿಕ್ವೆಸ್ಟ್ ಕಳಿಸೋ ಪರೀಕ್ಷಾ ಸಾಧನ) ಓಡಿಸಿದೆ, ಒಟ್ಟಿಗೆ 20ರಂತೆ. ಹೆಸರು ಅದಲುಬದಲಾಗಲು ಒಂದು ನಿಮಿಷವೂ ಬೇಕಾಗಲಿಲ್ಲ.

ಅತಿಥಿಯ ಹೆಸರು, ರೂಮು ಎರಡೂ ಮಾಡ್ಯೂಲಿನ (ಕೋಡ್ ಫೈಲಿನ) ಮೇಲುಗಡೆಯ ಒಂದೇ ಲೋಕಲ್ ಟೇಬಲ್‌ನಲ್ಲಿದ್ದವು, ಆ ವರ್ಕರ್‌ನ ಎಲ್ಲ ರಿಕ್ವೆಸ್ಟಿಗೂ ಅದೊಂದೇ. ಒಂದು ರಿಕ್ವೆಸ್ಟ್ ರೆಡಿಸ್ ಉತ್ತರಕ್ಕೆ ಕಾಯುವಾಗ ಅದೇ ವರ್ಕರ್ ಇನ್ನೊಂದನ್ನು ಎತ್ತಿಕೊಳ್ಳುತ್ತೆ. ಎರಡನೆಯದು ಬಂದು ಮೊದಲನೆಯದರ ಹೆಸರಿನ ಮೇಲೆ ತನ್ನದನ್ನು ಬರೆಯುತ್ತೆ. ಗ್ಲೋಬಲ್ ಆಗಿದ್ದರೆ ಓಪನ್‌ರೆಸ್ಟಿಯೇ ಲಾಗ್‌ನಲ್ಲಿ ಎಚ್ಚರಿಸುತ್ತಿತ್ತು. ಲೋಕಲ್ ಅಂತ ಬರೆದಿದ್ದಕ್ಕೆ ಸುಮ್ನಿತ್ತು. ಎಲ್ಲವನ್ನೂ ಪ್ರತಿ ರಿಕ್ವೆಸ್ಟಿಗೂ ಬೇರೆಬೇರೆಯೇ ಇರೋ ಎನ್‌ಜಿಎಕ್ಸ್ ಡಾಟ್ ಸಿಟಿಎಕ್ಸ್‌ಗೆ ಸರಿಸಿದೆ. ಬದಲಾದದ್ದು ಆರೇಳು ಸಾಲು, ಉಳಿದದ್ದು 40,000. ಅದರ ಮೇಲೆ, ಒಂದೇ ರೂಮನ್ನು ಇಬ್ಬರು ಒಟ್ಟಿಗೆ ಹಿಡಿಯದಂತೆ ರೂಮಿಗೊಂದು ರೆಡಿಸ್ ಬೀಗವನ್ನೂ ಹಾಕಿದ್ದೇನೆ. 

ಇದೇ ಹುರುಪಿನಲ್ಲಿ ಇನ್ನೊಂದಕ್ಕೂ ಕೈಹಾಕಿದೆ. ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ಹೋಗಿ ಬುಕಿಂಗ್ ಅರ್ಧಕ್ಕೆ ನಿಲ್ಲೋದು ಜಾಸ್ತಿ. ಅಂಥವನ್ನು ಲಾಗ್ ಹಂತದಿಂದಲೇ (ರಿಕ್ವೆಸ್ಟ್ ಮುಗಿಯುವಾಗ ಓಡೋ ಕೊನೆಯ ಹಂತ) ರೆಡಿಸ್‌ಗೆ ಬರೆಯೋಣ ಅಂದುಕೊಂಡೆ. ಆ ಹಂತದಲ್ಲಿ ರೆಡಿಸ್‌ಗೆ ಬೇಕಾದ ಸಾಕೆಟ್ (ನೆಟ್‌ವರ್ಕ್ ಸಂಪರ್ಕ) ತೆರೆಯಲು ಓಪನ್‌ರೆಸ್ಟಿ ಬಿಡಲ್ಲ. ಸೊನ್ನೆ ಸೆಕೆಂಡಿನ ಟೈಮರ್ ಇಟ್ಟು ಅದರೊಳಗಿಂದ ಬರೆದೆ, ನಡೆಯಿತು. ಮರುವರ್ಷದ ದಸರಾಕ್ಕೆ 300ರ ಹತ್ತಿರ ಬುಕಿಂಗ್ ಬಂತು, ಒಂದೂ ಅದಲುಬದಲಾಗಲಿಲ್ಲ. ಪಿಎಚ್‌ಪಿ ಅಂದಿದ್ದ ಗೆಳೆಯರಲ್ಲಿ ಇಬ್ಬರು ಈಗ ಆ ಟೈಮರ್ ಕೋಡ್ ಕೇಳಿದ್ದಾರೆ.