ಪೆನ್ ಕಡೆಯಲು ಚಿಕ್ಕ ಲೇತ್: ದುಡ್ಡು ಕೊಡುವ ಮೊದಲು ಎರಡು ಮೊನೆ ಸೇರಿಸಿ ನೋಡಿ

ಮರದ ಪೆನ್ ಮಾಡಲು ಹೊಸದಾಗಿ ಕಲಿಯುತ್ತಿರುವವರು ನನಗೆ ತಂದು ತೋರಿಸುವ ಮೊದಲ ಪೆನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಲೋಹದ ತುದಿ ಮರಕ್ಕೆ ಸೇರುವ ಜಾಗದಲ್ಲಿ ಒಂದು ಪಕ್ಕ ಮರ ಉಬ್ಬಿರುತ್ತದೆ, ಎದುರು ಪಕ್ಕ ತಗ್ಗಿರುತ್ತದೆ. ಬೆರಳಾಡಿಸಿದರೆ ಉಗುರಿಗೆ ಸಿಗುತ್ತದೆ. "ಕೈ ಇನ್ನೂ ಪಳಗಿಲ್ಲ ಸಾರ್" ಅನ್ನುತ್ತಾರೆ. ಎಷ್ಟೋ ಸಲ ತಪ್ಪು ಕೈಯದ್ದಲ್ಲ, ಲೇತಿನದ್ದು, ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರದ್ದು. ಕೊಳ್ಳುವಾಗ ಮೋಟಾರ್ ಎಷ್ಟು ಎಚ್‌ಪಿ ಎಂದು ಕೇಳಿರುತ್ತಾರೆ. ಎಷ್ಟು ಸ್ಪೀಡ್ ಓಡುತ್ತದೆ ಎಂದೂ ಕೇಳಿರುತ್ತಾರೆ. ಮರವನ್ನು ಎರಡು ತುದಿಯಲ್ಲೂ ಹಿಡಿಯುವ ಮೊನೆಗಳು (ಸೆಂಟರ್‌ಗಳು) ಒಂದಕ್ಕೊಂದು ನೇರಕ್ಕೆ ಬರುತ್ತವೆಯೇ ಎಂದು ಮಾತ್ರ ನೋಡಿರುವುದಿಲ್ಲ.

ನಾನೂ ನೋಡಿರಲಿಲ್ಲ. ಮೊದಲ ಲೇತಿನಲ್ಲಿ ನಾಲ್ಕು ತಿಂಗಳು ಕಡೆದದ್ದೆಲ್ಲ ಸೊಟ್ಟ. ಉಳಿ ಬದಲಿಸಿದೆ, ಮರ ಬದಲಿಸಿದೆ, ಸರಿಹೋಗಲಿಲ್ಲ. ಟೇಲ್‌ಸ್ಟಾಕ್ (ಮರದ ಬಲತುದಿಗೆ ಆನಿಕೆ ಕೊಡುವ, ಹಿಂದೆ ಮುಂದೆ ಸರಿಯುವ ಭಾಗ) ಬಿಗಿ ಮಾಡಿದಾಗಲೆಲ್ಲ ಅದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತಿತ್ತು ಎನ್ನುವುದು ಆಮೇಲೆ ಗೊತ್ತಾಯಿತು. ಆ ನಾಲ್ಕು ತಿಂಗಳು ನಿಮಗೆ ಉಳಿಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಗಾತ್ರ

ಪೆನ್ನಿನ ಮರದ ತುಂಡು ಸುಮಾರು 20 ಮಿ.ಮೀ. ದಪ್ಪ, 130 ಮಿ.ಮೀ. ಉದ್ದ. ಸ್ವಿಂಗ್ (ಲೇತಿನಲ್ಲಿ ತಿರುಗಿಸಬಹುದಾದ ಮರದ ಹೆಚ್ಚಿನ ಅಗಲ) 10 ಅಂಗುಲ, ಸೆಂಟರ್‌ಗಳ ನಡುವೆ 15 ಅಂಗುಲ, ಮೋಟಾರ್ ಅರ್ಧ ಎಚ್‌ಪಿ. ಇಷ್ಟು ಧಾರಾಳ ಸಾಕು.

ಬೆಡ್, ಅಂದರೆ ಎಲ್ಲ ಭಾಗಗಳನ್ನು ಹೊರುವ ಉದ್ದದ ಅಡಿಪಟ್ಟಿ, ಮಾತ್ರ ಬೀಡು ಕಬ್ಬಿಣದ್ದೇ ಇರಲಿ. ತಗಡು ಬಗ್ಗಿಸಿ ಮಾಡಿದ ಬೆಡ್, ಎರಡು ಪೈಪಿನ ಮೇಲೆ ಓಡುವ ಟೇಲ್‌ಸ್ಟಾಕ್ ಇವೆರಡೂ ಬೇಡ. ಒಬ್ಬರೇ ಒಂದೇ ಕೈಯಲ್ಲಿ ಎತ್ತಬಹುದಾದ ಲೇತ್ ಅಂದರೆ ಕಂಪನ ತಡೆಯುವ ತೂಕ ಅದರಲ್ಲಿಲ್ಲ ಎಂದೇ ಅರ್ಥ. ಮಣಿ ಕಡೆಯಲು ಅಂತ ಅಂಗೈಯಗಲದ ಪುಟ್ಟ ಯಂತ್ರಗಳು ಬರುತ್ತವೆ. ಅವುಗಳಲ್ಲಿ ಮೋಟಾರಿನ ದಂಡವೇ ಸ್ಪಿಂಡಲ್, ಅಂದರೆ ಮರ ತಿರುಗಿಸುವ ದಂಡ. ಉಳಿಯ ಒತ್ತಡವೆಲ್ಲ ಮೋಟಾರಿನ ಪುಟ್ಟ ಬೇರಿಂಗ್ ಮೇಲೆ ಬೀಳುತ್ತದೆ. ಪೆನ್ನಿಗೆ ಅದು ಆಗದು.

ಹಂತ 2: ಸ್ಪೀಡ್

ಪೆನ್ ಕಡೆಯುವವರಿಗೆ ಜಾಸ್ತಿ ಸ್ಪೀಡ್ ಯಾಕೆ ಬೇಕು? ತುಂಡು ಸಣ್ಣದು, ಅದಕ್ಕೆ. ಉಳಿಗೆ ಗೊತ್ತಾಗುವುದು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಲ್ಲ, ಮರದ ಮೈ ಎಷ್ಟು ಬೇಗ ಎದುರಿಗೆ ಬಂತು ಎನ್ನುವುದು. 20 ಮಿ.ಮೀ. ತುಂಡು 3000 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಮೈ ನಿಮಿಷಕ್ಕೆ 188 ಮೀಟರ್ ಓಡುತ್ತದೆ. 250 ಮಿ.ಮೀ. ಅಗಲದ ಬಟ್ಟಲಿಗೆ ಅದೇ ಓಟ ಬರಲು ಬರೀ 240 ಆರ್‌ಪಿಎಂ ಸಾಕು. ಹಾಗಾಗಿ ಮೇಲಿನ ತುದಿ 3000ದಿಂದ 3500ರವರೆಗೆ ಇರುವುದನ್ನು ನೋಡಿ.

ಕೆಳಗಿನ ತುದಿ ಇನ್ನೂ ಮುಖ್ಯ. ಮರಕ್ಕೆ ತೂತು ಕೊರೆಯಲು 500 ಆರ್‌ಪಿಎಂ ಆಸುಪಾಸು ಬೇಕು. ಸ್ಯಾಂಡ್ ಪೇಪರ್ ಹಿಡಿಯುವಾಗಲೂ ನಿಧಾನವೇ ಒಳ್ಳೆಯದು. ಬೇಗ ಓಡಿಸಿದರೆ ಮರ ಕಾದು ಸಣ್ಣ ಸಣ್ಣ ಬಿರುಕು ಬಿಡುತ್ತದೆ.

ಇಲ್ಲೇ ಜನ ಮೋಸ ಹೋಗುವುದು. ನಾಬ್ ತಿರುಗಿಸಿದರೆ ಸ್ಪೀಡ್ ಇಳಿಯುತ್ತದೆ, ನಿಜ. ಆದರೆ ಚಿಕ್ಕ ಡಿಸಿ ಮೋಟಾರಿನಲ್ಲಿ ಸ್ಪೀಡ್ ಇಳಿದಷ್ಟೂ ಅದು ಕೊಡುವ ಶಕ್ತಿಯೂ ಇಳಿಯುತ್ತದೆ. ಡ್ರಿಲ್ ಬಿಟ್ ಮರಕ್ಕೆ ಹೋದ ಕೂಡಲೇ ನಿಂತುಬಿಡುತ್ತದೆ. ಅದಕ್ಕೇ ಒಳ್ಳೆಯ ಲೇತಿನಲ್ಲಿ ನಾಬ್ ಜೊತೆಗೆ ಎರಡು ಮೂರು ಮೆಟ್ಟಿಲಿನ ಪುಲ್ಲಿಯೂ ಇರುತ್ತದೆ. ಕೊರೆಯುವಾಗ ಬೆಲ್ಟನ್ನು ನಿಧಾನದ ಮೆಟ್ಟಿಲಿಗೆ ಹಾಕಿದರೆ ಮೋಟಾರ್ ಬೇಗ ಓಡುತ್ತದೆ, ಸ್ಪಿಂಡಲ್ ನಿಧಾನ ತಿರುಗುತ್ತದೆ, ಬಲ ಉಳಿಯುತ್ತದೆ. ನಾಬ್ ಒಂದೇ ಇದ್ದು ಪುಲ್ಲಿ ಇಲ್ಲದ ಲೇತ್ ತೆಗೆದುಕೊಳ್ಳಬೇಡಿ. ಅಂಗಡಿಯಲ್ಲೇ ಒಂದು ಗಟ್ಟಿ ಮರದ ತುಂಡಿಗೆ 7 ಮಿ.ಮೀ. ತೂತು ಕೊರೆಸಿ ನೋಡಿ.

ಹಿಡಿ ಎಳೆದು ಸ್ಪೀಡ್ ಬದಲಿಸುವ ಹಳೇ ಮಾದರಿಯೂ ಸಿಗುತ್ತದೆ. ಎರಡು ಕೋನಾಕಾರದ ಪುಲ್ಲಿಗಳು ಅಗಲ ಕಿರಿದಾಗುತ್ತಾ ಬೆಲ್ಟನ್ನು ಮೇಲೆ ಕೆಳಗೆ ಸರಿಸುತ್ತವೆ. ಅದರಲ್ಲಿ ಲೇತ್ ಓಡುತ್ತಿರುವಾಗ ಮಾತ್ರ ಸ್ಪೀಡ್ ಬದಲಿಸಬೇಕು. ನಿಂತಾಗ ಎಳೆದರೆ ಒಳಗೆ ಮುರಿಯುತ್ತದೆ. ಎಷ್ಟೋ ಮಾದರಿಗಳಲ್ಲಿ ಕೆಳಗಿನ ಸ್ಪೀಡ್ ಸಾಕಷ್ಟು ಕೆಳಗೆ ಇಳಿಯುವುದೂ ಇಲ್ಲ. ಪೆನ್ನಿಗೆ ನಾನಂತೂ ಎಲೆಕ್ಟ್ರಾನಿಕ್ ನಾಬ್ ಇರುವುದನ್ನೇ ಹೇಳುತ್ತೇನೆ. ಕರೆಂಟ್ ಹೋಗಿ ಬಂದರೆ ತಾನಾಗೇ ಶುರುವಾಗದಂಥ ಸ್ವಿಚ್ ಇದೆಯಾ ಎಂದೂ ಕೇಳಿ.

ಹಂತ 3: ಮೊನೆ ಪರೀಕ್ಷೆ

ಇದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಅಂಗಡಿಯವರಿಗೆ ಬೇಜಾರಾದರೂ ಪರವಾಗಿಲ್ಲ.

ಮೊದಲು ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ಎಡಭಾಗ) ಮತ್ತು ಟೇಲ್‌ಸ್ಟಾಕಿನ ಟೇಪರ್ ತೂತುಗಳನ್ನು, ಅಂದರೆ ಸೆಂಟರ್ ಕೂರುವ, ಒಳಗೆ ಹೋದಂತೆ ಕಿರಿದಾಗುವ ತೂತುಗಳನ್ನು, ಬಟ್ಟೆಯಿಂದ ಒರೆಸಿ. ಒಂದು ಸಣ್ಣ ಚಕ್ಕೆ ಸಿಕ್ಕಿಕೊಂಡಿದ್ದರೂ ಮುಂದಿನದೆಲ್ಲ ತಪ್ಪು ಕಾಣುತ್ತದೆ. ಆಮೇಲೆ ಎರಡೂ ಕಡೆ 60 ಡಿಗ್ರಿಯ ಚೂಪು ಸೆಂಟರ್ ಹಾಕಿ. ಲೇತ್ ಜೊತೆ ಬರುವ ಬಟ್ಟಲು ಮುಖದ ಸೆಂಟರ್ ಇದಕ್ಕೆ ಆಗುವುದಿಲ್ಲ, ನಿಮ್ಮದೇ ಜೋಡಿ ತೆಗೆದುಕೊಂಡು ಹೋಗಿ.

ಪ್ಲಗ್ ತೆಗೆದು ಸ್ಪಿಂಡಲನ್ನು ಕೈಯಲ್ಲಿ ನಿಧಾನ ತಿರುಗಿಸಿ. ಹೆಡ್‌ಸ್ಟಾಕಿನ ಮೊನೆ ಇದ್ದಲ್ಲೇ ಇರಬೇಕು. ಪುಟ್ಟ ವೃತ್ತ ಬರೆದಂತೆ ಅಲ್ಲಾಡಿದರೆ ತಪ್ಪು ಸೆಂಟರಿನದೋ ಸ್ಪಿಂಡಲಿನದೋ ಹುಡುಕಬೇಕು. ಸ್ಪಿಂಡಲಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ, ಮೊನೆ ಯಾವ ಕಡೆಗೆ ವಾಲಿದೆ ನೋಡಿಕೊಳ್ಳಿ. ಸೆಂಟರನ್ನು ಹೊರಗೆ ತೆಗೆದು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ವಾಲಿದ ಕಡೆಯೂ ಜೊತೆಯಲ್ಲೇ ತಿರುಗಿದರೆ ದೋಷ ಸೆಂಟರಿನದು, ಬೇರೆ ಹಾಕಿದರಾಯಿತು. ಗುರುತಿಗೆ ಹೋಲಿಸಿದರೆ ಮೊದಲಿದ್ದ ಕಡೆಯೇ ಉಳಿದರೆ ಸ್ಪಿಂಡಲಿನದು. ಅಂಥ ಲೇತನ್ನು ಅಲ್ಲೇ ಬಿಟ್ಟು ಬನ್ನಿ. ಡಯಲ್ ಗೇಜ್ (ಕೂದಲೆಳೆಯಷ್ಟು ಅಲ್ಲಾಟವನ್ನೂ ತೋರಿಸುವ ಮುಳ್ಳಿನ ಅಳತೆ ಸಾಧನ) ಇದ್ದವರು ಟೇಪರಿನ ಒಳಮೈಗೆ ಹಚ್ಚಿ ನೋಡಲಿ. 0.05 ಮಿ.ಮೀ. ದಾಟಿದರೆ ನಾನು ಕೊಳ್ಳುವುದಿಲ್ಲ.

ಈಗ ಟೇಲ್‌ಸ್ಟಾಕ್ ಹತ್ತಿರ ತಂದು, ಬಿಗಿ ಮಾಡಿ, ಎರಡು ಮೊನೆಗಳ ನಡುವೆ ಕಾಗದದಷ್ಟು ಜಾಗ ಬಿಡಿ. ಮೇಲಿನಿಂದ ನೋಡಿ. ಬಗ್ಗಿ ಪಕ್ಕದಿಂದಲೂ ನೋಡಿ. ಹೆಚ್ಚಿನವರು ಮೇಲಿನಿಂದ ಮಾತ್ರ ನೋಡಿ ಸರಿ ಇದೆ ಅನ್ನುತ್ತಾರೆ, ಎತ್ತರದ ವ್ಯತ್ಯಾಸ ತಪ್ಪಿಹೋಗುತ್ತದೆ. ಕಣ್ಣಿಗೆ ನಂಬಿಕೆ ಬರದಿದ್ದರೆ ತೆಳು ಸ್ಟೀಲ್ ಸ್ಕೇಲನ್ನು ಮೊನೆಗಳ ನಡುವೆ ಇಟ್ಟು ಹಗುರವಾಗಿ ಒತ್ತಿ. ಮೊನೆಗಳು ನೇರವಿದ್ದರೆ ಸ್ಕೇಲ್ ನೆಟ್ಟಗೆ ನಿಲ್ಲುತ್ತದೆ, ಇಲ್ಲದಿದ್ದರೆ ಒಂದು ಕಡೆಗೆ ವಾಲುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಟೇಲ್‌ಸ್ಟಾಕನ್ನು ಹಿಂದಕ್ಕೆ ಸರಿಸಿ, ಕ್ವಿಲ್ (ಟೇಲ್‌ಸ್ಟಾಕಿನಿಂದ ಒಳಗೆ ಹೊರಗೆ ಸರಿಯುವ, ಸೆಂಟರ್ ಹಿಡಿಯುವ ಕೊಳವೆ) ಪೂರ್ತಿ ಹೊರಗೆ ಬಿಟ್ಟು ಮತ್ತೆ ನೋಡಿ. ಕ್ವಿಲ್ ಒಳಗಿದ್ದಾಗ ಸರಿ ಇದ್ದು ಹೊರಗೆ ಬಂದಾಗ ತಪ್ಪಿದರೆ ಅದು ಬೆಡ್‌ಗೆ ಸಮಾನಾಂತರವಾಗಿ ಓಡುತ್ತಿಲ್ಲ. ಆಮೇಲೆ ಕ್ವಿಲ್ ಲಾಕ್ ಹಾಕಿ, ತೆಗೆಯಿರಿ, ಮತ್ತೆ ಹಾಕಿ. ಪ್ರತಿ ಸಲ ಮೊನೆ ಜಿಗಿಯುತ್ತದೆಯೇ? ನನ್ನ ಲೇತಿನ ಕಾಯಿಲೆ ಇದೇ ಜಾತಿಯದು. ಟೇಲ್‌ಸ್ಟಾಕ್ ಬೆಡ್ಡಿನ ಹಳಿಗಳ ನಡುವೆ ಸ್ವಲ್ಪ ಆಡುವುದು ಸಹಜ. ಬಿಗಿ ಮಾಡುವ ಮುನ್ನ ಪ್ರತಿ ಸಲ ಅದನ್ನು ನಿಮ್ಮ ಕಡೆಗೇ ಎಳೆದು ಹಿಡಿಯುವ ಅಭ್ಯಾಸ ಮಾಡಿಕೊಂಡರೆ ಮೊನೆ ಒಂದೇ ಜಾಗಕ್ಕೆ ಬರುತ್ತದೆ. ಹಾಗೆ ಹಿಡಿದರೂ ಬರದಿದ್ದರೆ ಬೇಡ.

"ಹೆಡ್‌ಸ್ಟಾಕ್ ಕೆಳಗೆ ತಗಡು ಕೊಟ್ಟರೆ ಸರಿಹೋಗುತ್ತೆ" ಎಂದು ಹೇಳುವವರಿದ್ದಾರೆ. ಕೊಟ್ಟರೆ ಸರಿಹೋಗುವುದು ನಿಜ. ಆದರೆ ಹೊಸ ಲೇತಿಗೆ ದುಡ್ಡು ಕೊಟ್ಟು ಆ ಕೆಲಸ ನೀವ್ಯಾಕೆ ಮಾಡಬೇಕು?

ಲೇತ್ ನೇರವಿದ್ದೂ ಪೆನ್ ಸೊಟ್ಟ ಬರುವುದುಂಟು. ಮ್ಯಾಂಡ್ರೆಲ್ ಅಂದರೆ ಪೆನ್ನಿನ ತುಂಡುಗಳನ್ನು ಪೋಣಿಸಿ ಹಿಡಿಯುವ, 6 ಮಿ.ಮೀ. ಚಿಲ್ಲರೆ ದಪ್ಪದ ಸರಳು, ಅಷ್ಟೆ. ಟೇಲ್‌ಸ್ಟಾಕ್ ಜೋರಾಗಿ ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ. ನಾನು ಮ್ಯಾಂಡ್ರೆಲ್ ಬಿಟ್ಟು ಬಹಳ ದಿನವಾಯಿತು. ಎರಡು ಮೊನೆಗಳ ನಡುವೆ ಬುಷ್ (ತುಂಡಿನ ಎರಡು ತುದಿಗೆ ಕೂರುವ ಲೋಹದ ಬಳೆ) ಇಟ್ಟು ನೇರವಾಗಿ ಕಡೆಯುತ್ತೇನೆ. ನೀವೂ ಹಾಗೇ ಶುರು ಮಾಡಿ.

ಹಂತ 4: ಟೇಪರ್, ಥ್ರೆಡ್, ಕ್ವಿಲ್

ಎರಡೂ ಕಡೆ ಮೋರ್ಸ್ ಟೇಪರ್ 2 (ಟೇಪರ್ ತೂತಿನ ಒಂದು ಗೊತ್ತಾದ ಅಳತೆ) ಇರಲಿ. ಟೇಪರ್ 1 ಇದ್ದರೆ ಮುಂದೆ ಬಿಡಿಭಾಗ ಹುಡುಕುವುದೇ ಕೆಲಸವಾಗುತ್ತದೆ. ಸ್ಪಿಂಡಲ್ ಥ್ರೆಡ್ 1 ಅಂಗುಲ 8 ಟಿಪಿಐ (ಅಂಗುಲಕ್ಕೆ 8 ಸುತ್ತು) ಅಥವಾ ಎಂ33 (33 ಮಿ.ಮೀ. ದಪ್ಪದ ಥ್ರೆಡ್) ಇದ್ದರೆ ಚಕ್, ಅಂದರೆ ಮರ ಕಚ್ಚಿ ಹಿಡಿಯುವ ಹಿಡಿಕೆ, ಸುಲಭವಾಗಿ ಸಿಗುತ್ತದೆ. ಕ್ವಿಲ್ ಕನಿಷ್ಠ 60 ಮಿ.ಮೀ. ಹೊರಗೆ ಬರಬೇಕು, ಇಲ್ಲದಿದ್ದರೆ ತೂತು ಕೊರೆಯುವಾಗ ಮಧ್ಯದಲ್ಲಿ ಮತ್ತೆ ಮತ್ತೆ ನಿಲ್ಲಿಸಿ ಟೇಲ್‌ಸ್ಟಾಕ್ ಸರಿಸಬೇಕಾಗುತ್ತದೆ. ಟೂಲ್ ರೆಸ್ಟ್ (ಉಳಿಯನ್ನು ಆನಿಸಿ ಹಿಡಿಯುವ ಪಟ್ಟಿ) 6 ಅಂಗುಲದ್ದು ಸಾಕು. ಲೇತ್ ಜೊತೆ ಪುಕ್ಕಟೆ ಕೊಡುವ ಉಳಿಗಳ ಸೆಟ್ ನೋಡಿ ಮನಸ್ಸು ಬದಲಿಸಬೇಡಿ. ಮಿಕ್ಕ ದುಡ್ಡು ಉಳಿ ಮಸೆಯುವ ಗ್ರೈಂಡರಿಗೆ, ಮುಖಕ್ಕೆ ಹಾಕುವ ಶೀಲ್ಡಿಗೆ, ದೂಳಿನ ಮಾಸ್ಕಿಗೆ ಹೋಗಲಿ.

ಹಂತ 5: ಕೂರಿಸುವುದು

ನೀವು ನಿಂತಾಗ ಸ್ಪಿಂಡಲ್ ನಿಮ್ಮ ಮೊಣಕೈ ಎತ್ತರಕ್ಕೆ ಬರಬೇಕು. ಭಾರದ ಮೇಜಿಗೆ ಬೋಲ್ಟ್ ಹಾಕಿ. ಮೇಜಿನ ಮೇಲ್ಮೈ ಸಮ ಇಲ್ಲದಿದ್ದರೆ ಬೋಲ್ಟ್ ಬಿಗಿಯಾದಂತೆ ಬೀಡಿನ ಬೆಡ್ ಕೂಡ ತುಸು ತಿರುಚಿಕೊಳ್ಳುತ್ತದೆ. ಹಾಗಾಗಿ ಬಿಗಿ ಮಾಡಿದ ಮೇಲೆ ಅಂಗಡಿಯಲ್ಲಿ ಮಾಡಿದ ಮೊನೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ವ್ಯತ್ಯಾಸ ಕಂಡರೆ ಒಂದೊಂದೇ ಬೋಲ್ಟ್ ಸಡಿಲಿಸುತ್ತಾ ಹೋಗಿ. ಯಾವುದನ್ನು ಬಿಟ್ಟಾಗ ಮೊನೆಗಳು ಮತ್ತೆ ಸೇರುತ್ತವೋ ಆ ಕಾಲಿನ ಕೆಳಗೆ ತೆಳು ತಗಡು ಕೊಟ್ಟು ಮತ್ತೆ ಬಿಗಿ ಮಾಡಿ.