ಆರಿದ್ರಾ ಮಳೆಯಲ್ಲಿ ಕಪ್ಪೆಯ ಫೋಟೊ ತೆಗೆಯುವುದು ಹೇಗೆ?

ಶಿರಸಿ ಕಡೆಗೆ ಫೋಟೊ ತೆಗೆಯಲು ಬರುವವರು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲೇ ಬರುತ್ತಾರೆ. ಮಳೆಗಾಲ ಅಂದ ಕೂಡಲೇ 'ಅಯ್ಯೋ, ಉಂಬಳ' (ಜಿಗಣೆ) ಎನ್ನುತ್ತಾರೆ. ನನ್ನ ಕೇಳಿದರೆ ಜೂನ್ ಕೊನೆ, ಜುಲೈ ಮೊದಲ ವಾರವೇ ಸರಿಯಾದ ಹೊತ್ತು. ಮೃಗಶಿರ ಮಳೆ ನೆಲ ನೆನೆಸಿ ಹೋಗಿರುತ್ತದೆ, ಆರಿದ್ರಾ ಹಿಡಿದಿರುತ್ತದೆ. ಸಂಜೆ ಏಳಾಯಿತೆಂದರೆ ತೋಟ, ಗದ್ದೆ, ಹಳ್ಳ ಎಲ್ಲ ಕಡೆಯಿಂದ ಕಪ್ಪೆಗಳ ಕೂಗು. ಅವುಗಳ ಫೋಟೊ ತೆಗೆಯಲು ದಟ್ಟ ಕಾಡಿನೊಳಗೆ ಹೋಗಬೇಕಿಲ್ಲ. ಒಂದು ಹೊಂಡದ ಪಕ್ಕ ಎರಡು ಗಂಟೆ ಅಲ್ಲಾಡದೆ ಕೂರುವ ತಾಳ್ಮೆ ಇದ್ದರೆ ಸಾಕು.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ

ಕಾಡಿಗೆ ತಾಗಿದ ಅಡಕೆ ತೋಟವೇ ಎಲ್ಲಕ್ಕಿಂತ ಒಳ್ಳೆಯ ಜಾಗ. ಮೇಲೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕೆಳಗೆ ತೋಟ, ನಡುವೆ ನೀರು ನಿಂತ ಹೊಂಡ. ಕಪ್ಪೆಗೆ ಬೇಕಾದದ್ದೆಲ್ಲ ಅಲ್ಲಿದೆ. ಹಗಲಲ್ಲೇ ತೋಟದ ಮನೆಗೆ ಹೋಗಿ ಕೇಳಿ. ಶಿರಸಿ, ಸಿದ್ದಾಪುರದ ಕಡೆ ಮೊದಲು 'ಆಸ್ರಿಗೆ ಎಂತ ಕುಡಿತ್ರಿ?' ಎಂದು ಕೇಳುತ್ತಾರೆ. ಕುಡಿಯಲು ಕೊಟ್ಟದ್ದನ್ನು ಕುಡಿದು, ಬಂದ ವಿಷಯ ಹೇಳಿ. ಯಾವ ಹೊಂಡದಲ್ಲಿ ಯಾವ ಕೂಗು, ಎಲ್ಲಿ ಹಾವು ಕಂಡಿತ್ತು, ಯಾವ ಸಂಕ (ಹಳ್ಳ ದಾಟುವ ಕಾಲುಸೇತುವೆ) ಜಾರುತ್ತದೆ ಎಂಬುದೆಲ್ಲ ಆ ಮನೆಯವರಿಗೆ ಗೊತ್ತಿರುತ್ತದೆ. ಯಾವ ಆ್ಯಪ್ ಕೂಡ ಅಷ್ಟು ಹೇಳುವುದಿಲ್ಲ.

ಕಾಡಿನೊಳಗೇ ಹೋಗಬೇಕು ಅಂತಿದ್ದರೆ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ, ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ ರಾತ್ರಿ ಸುಮ್ನೆ ನುಗ್ಗುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಫೋಟೊ ತೆಗೆಯುವುದಕ್ಕೂ ಅನುಮತಿ ಬೇಕು. ಹಗಲು ಬಿಡುವಿದ್ದರೆ ಸೋಂದಾ ಹತ್ತಿರದ ಮುಂಡಿಗೆ ಕೆರೆಗೆ ಹೋಗಿ ಬನ್ನಿ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಅಲ್ಲಿನ ಮುಂಡಿಗೆ ಗಿಡಗಳ ಮೇಲೆ ಗೂಡು ಕಟ್ಟುತ್ತವೆ. ದಡದಿಂದಲೇ ನೋಡಬೇಕು.

ಮೈಗೆ ಏನು, ಕ್ಯಾಮೆರಾಗೆ ಏನು

ಗಮ್ ಬೂಟ್ ಹಾಕಿಕೊಳ್ಳಿ. ಒಳಗೆ ಮೊಣಕಾಲಿನವರೆಗೆ ಬರುವ, ಒತ್ತಾಗಿ ಹೊಲಿದ ಉಂಬಳದ ಕಾಲುಚೀಲ ಇರಲಿ. ನಮ್ಮ ಕಡೆ ಹೊಗೆಸೊಪ್ಪಿನ ನೀರು, ಸುಣ್ಣ, ಉಪ್ಪು ಎಲ್ಲ ಹಚ್ಚುತ್ತಾರೆ. ಹಚ್ಚುವುದಾದರೆ ಬೂಟಿನ ಹೊರಗೆ ಮಾತ್ರ ಹಚ್ಚಿ, ಆಮೇಲೆ ಕೈ ಚೆನ್ನಾಗಿ ತೊಳೆದುಕೊಳ್ಳಿ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ. ನಿಮ್ಮ ಕೈಯಲ್ಲಿರುವ ಉಪ್ಪು, ಹೊಗೆಸೊಪ್ಪು, ಸೊಳ್ಳೆ ಮುಲಾಮು ಅದರ ಮೈಗೆ ನೇರವಾಗಿ ಇಳಿಯುತ್ತದೆ. ಉಂಬಳ ಕಚ್ಚಿದರೆ ಹೆದರಬೇಡಿ. ಉಗುರಿನಿಂದ ಮೆಲ್ಲಗೆ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ ಅಷ್ಟೆ.

ರೇನ್‌ಕೋಟಿಗಿಂತ ದೊಡ್ಡ ಕಪ್ಪು ಕೊಡೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜೊತೆಗೊಬ್ಬರು ಇರಲೇಬೇಕು. ಅವರು ಕೊಡೆ ಹಿಡಿದರೆ ನಿಮ್ಮ ಎರಡೂ ಕೈ ಕ್ಯಾಮೆರಾಗೆ ಸಿಗುತ್ತವೆ. ಕ್ಯಾಮೆರಾಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ತುದಿಯಲ್ಲಿ ಲೆನ್ಸಿನಷ್ಟು ತೂತು ಮಾಡಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಲೆನ್ಸ್ ಒರೆಸಲು ಹಳೇ ಹತ್ತಿ ಪಂಚೆಯ ತುಂಡುಗಳು ನಾಲ್ಕೈದು ಬೇಕು. ಒಂದೇ ತುಂಡು ಹತ್ತು ನಿಮಿಷದಲ್ಲಿ ಒದ್ದೆಯಾಗುತ್ತದೆ.

ಕಾರಿನಲ್ಲಿ ಬರುವವರು ಎಸಿ ಹಾಕಬೇಡಿ. ತಣ್ಣಗಿರುವ ಲೆನ್ಸನ್ನು ಹೊರಗಿನ ತೇವದ ಗಾಳಿಗೆ ತಂದ ತಕ್ಷಣ ಮಂಜು ಕೂರುತ್ತದೆ. ಅದನ್ನು ಒರೆಸಿದಷ್ಟೂ ಮತ್ತೆ ಕೂರುತ್ತದೆ. ಚೀಲದ ಬಾಯಿ ಮುಚ್ಚಿಟ್ಟು ಅರ್ಧ ಗಂಟೆ ಹೊರಗೆ ಬಿಟ್ಟರೆ ತಾನಾಗಿ ಸರಿಹೋಗುತ್ತದೆ.

ಹೊಂಡದ ಪಕ್ಕ

ಕತ್ತಲಾಗುವ ಅರ್ಧ ಗಂಟೆ ಮೊದಲೇ ಹೋಗಿ ಕೂರಿ. ನೀವು ಹೋದ ಕೂಡಲೇ ಕೂಗು ನಿಲ್ಲುತ್ತದೆ. ಅಲ್ಲಾಡದೆ ಕೂತರೆ ಮೊದಲು ಒಂದು ಕೂಗುತ್ತದೆ, ಆಮೇಲೆ ಮೂರು, ಆಮೇಲೆ ಎಲ್ಲವೂ. ಕೂಗು ಬಂದ ದಿಕ್ಕಿಗೆ ಕಿವಿಯಿಂದಲೇ ಹುಡುಕಿ, ಟಾರ್ಚಿನಿಂದಲ್ಲ. ಮೊಬೈಲಿನಲ್ಲಿ ಕಪ್ಪೆಯ ಕೂಗು ಹಾಕಿ ಕರೆಯುವವರಿದ್ದಾರೆ. ದಯವಿಟ್ಟು ಬೇಡ. ಗಂಡು ಕಪ್ಪೆ ವರ್ಷದಲ್ಲಿ ಕೆಲವೇ ವಾರ ಕೂಗುವುದು. ಆ ಹೊತ್ತು ಇಲ್ಲದ ಎದುರಾಳಿಯ ಜೊತೆ ಹೋರಾಡುತ್ತಾ ಕಳೆದುಹೋಗುತ್ತದೆ.

ಹೊಂಡದ ಮೇಲೆ ಬಾಗಿದ ಕೊಂಬೆಗಳನ್ನು ನೋಡಿ. ಎಲೆಗಳ ನಡುವೆ ಸಾಬೂನು ನೊರೆಯಂಥ ಬಿಳಿ ಮುದ್ದೆ ಕಂಡರೆ ಅದು ಹೆಚ್ಚಾಗಿ ಮಲಬಾರ್ ಹಾರುವ ಕಪ್ಪೆಯ ಗೂಡು. ಈ ಕಪ್ಪೆಯ ಮೈಯೆಲ್ಲ ಎಳೆ ಹಸಿರು, ಬೆರಳುಗಳ ನಡುವಿನ ಪೊರೆ ಮಾತ್ರ ಕೆಂಪು. ಹೋದ ವರ್ಷ ನಮ್ಮ ತೋಟದ ಹೊಂಡದಲ್ಲಿ ಒಂದು ಜೋಡಿ ಗೂಡು ಕಟ್ಟುವುದನ್ನು ನಾನು ಪೂರ್ತಿ ನೋಡಿದೆ. ಹೆಣ್ಣು ಹಿಂಗಾಲುಗಳಿಂದ ಮಜ್ಜಿಗೆ ಕಡೆದ ಹಾಗೆ ಕಡೆಯುತ್ತಿತ್ತು. ನೊರೆ ಉಬ್ಬುತ್ತಾ ಬಂದು ಎಲೆಗಳು ಒಂದಕ್ಕೊಂದು ಅಂಟಿಕೊಂಡವು. ಬೆನ್ನ ಮೇಲೆ ಅದಕ್ಕಿಂತ ಚಿಕ್ಕ ಗಂಡು. ನಾನು ತೆಗೆದದ್ದು ಹನ್ನೊಂದು ಫೋಟೊ ಅಷ್ಟೆ. ಉಳಿದ ಹೊತ್ತು ಸುಮ್ಮನೆ ನೋಡುತ್ತಾ ಕೂತೆ. ಕೆಲವು ದಿನ ಬಿಟ್ಟು ಜೋರು ಮಳೆಯಲ್ಲಿ ಮರಿಗಳು ಆ ನೊರೆಯಿಂದ ಒಂದೊಂದಾಗಿ ಹೊಂಡಕ್ಕೆ ಉದುರಿದವು. ಫೋಟೊಗೆ ಅಡ್ಡ ಬಂತೆಂದು ಒಂದು ಕೊಂಬೆ ಮುರಿದರೆ ಇಷ್ಟೂ ಮುಗಿದ ಹಾಗೆ. ಗೂಡು ನೀರಿನ ಮೇಲಿಂದ ಸರಿದರೆ ಮರಿಗಳು ಒಣ ನೆಲಕ್ಕೆ ಬೀಳುತ್ತವೆ.

ಹಳ್ಳದ ದಂಡೆಯಲ್ಲಿ ಇನ್ನೊಂದು ಅಚ್ಚರಿ ಇದೆ, ಕುಂಬಾರ ಕಪ್ಪೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ ಇರುವ ಈ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿದರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಕೈಯಲ್ಲಿ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದಕ್ಕೇ ಆ ಹೆಸರು. ಮೆತ್ತುವಾಗ ಜೋರು ಬೆಳಕು ಬಿಟ್ಟರೆ ಕೆಲಸ ಅರ್ಧಕ್ಕೆ ನಿಲ್ಲಬಹುದು. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯೊಳಗೆ (ರಾಮಪತ್ರೆ ಮರಗಳ ಜೌಗು ಕಾಡು) ಮಾತ್ರ ಕಾಲಿಡಬೇಡಿ ಎಂದೇ ಹೇಳುತ್ತೇನೆ. ಅಲ್ಲಿ ಕೆಸರಿನಿಂದ ಮೇಲೆದ್ದ ಬೇರುಗಳು ಮರಗಳ ಉಸಿರು. ತುಳಿದರೆ ಮುರಿಯುತ್ತವೆ.

ಕ್ಯಾಮೆರಾ ಹೀಗೆ ಹೊಂದಿಸಿ

100 ಮಿ.ಮೀ. ಆಸುಪಾಸಿನ ಮ್ಯಾಕ್ರೊ ಲೆನ್ಸ್ (ಸಣ್ಣದನ್ನು ದೊಡ್ಡದಾಗಿ ತೋರಿಸುವ ಲೆನ್ಸ್) ಇದ್ದರೆ ದೂರದಿಂದಲೇ ತೆಗೆಯಬಹುದು. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8ರಿಂದ 11, ಶಟರ್ ಸೆಕೆಂಡಿನ 160ನೇ ಒಂದು ಭಾಗ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400. ಇಷ್ಟರಿಂದ ಶುರು ಮಾಡಿ. ಫ್ಲ್ಯಾಶನ್ನು ನೇರವಾಗಿ ಹೊಡೆದರೆ ಒದ್ದೆ ಮೈ ಮೇಲೆ ಬಿಳಿ ಚುಕ್ಕೆಗಳು ಬೀಳುತ್ತವೆ. ಫ್ಲ್ಯಾಶಿನ ಮುಂದೆ ಬಿಳಿ ಬಟ್ಟೆಯನ್ನೋ ತೆಳು ಥರ್ಮಾಕೋಲನ್ನೋ ಕಟ್ಟಿ, ಬೆಳಕು ಮೆತ್ತಗಾಗುತ್ತದೆ. ಫೋಕಸ್ ಯಾವಾಗಲೂ ಕಣ್ಣಿನ ಮೇಲೆ. ಕಪ್ಪೆಯ ಕಣ್ಣಿನ ಮಟ್ಟಕ್ಕೆ ನೀವೇ ತಗ್ಗಿ, ಮೇಲಿಂದ ಕೆಳಗೆ ತೆಗೆದರೆ ಬರೀ ಬೆನ್ನು ಬರುತ್ತದೆ.

ಮ್ಯಾಕ್ರೊ ಇಲ್ಲದಿದ್ದರೆ ಮೊಬೈಲ್ ಸಾಕು. ಜೊತೆಗಿರುವವರು ಪಕ್ಕದಿಂದ ಸಣ್ಣ ಟಾರ್ಚ್ ಹಿಡಿಯಲಿ. ಒಂದು ಕಪ್ಪೆಗೆ ಐದಾರು ಫೋಟೊ, ಆಮೇಲೆ ಬೆಳಕು ಆರಿಸಿ.

ಹಾವು, ಹಳ್ಳ

ಗಿಡದ ಮೇಲೆ ಮಲಬಾರ್ ಗುಳಿಮಂಡಲ ಸಿಗಬಹುದು. ಹಸಿರು, ಹಳದಿ, ಕಂದು, ಹೀಗೆ ಬೇರೆ ಬೇರೆ ಬಣ್ಣದಲ್ಲಿರುತ್ತದೆ. ಬೇಟೆಗೆ ಕಾಯುತ್ತಾ ಒಂದೇ ಗಿಡದಲ್ಲಿ ದಿನಗಟ್ಟಲೆ ಕೂರುವ ಹಾವು ಇದು. ಎರಡು ಮೀಟರ್ ದೂರದಿಂದ ತೆಗೆಯಿರಿ. 'ಸ್ವಲ್ಪ ಈಚೆ ಬರಲಿ' ಎಂದು ಕೋಲು ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಸಂಕಟವಾಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ವಿಷದ ಔಷಧ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲದ ವಿಷಕ್ಕಾಗಿ ಮಾಡಿದ್ದು. ಗುಳಿಮಂಡಲಕ್ಕೆಂದು ಮಾಡಿದ್ದಲ್ಲ. ಕೈ ಇಡುವ, ಕೂರುವ ಜಾಗವನ್ನು ಮೊದಲು ಟಾರ್ಚ್ ಹಾಕಿ ನೋಡಿ.

ಹಳ್ಳದ ನೀರು ಕೆಂಪಾಗಿ, ಕಸ ತೇಲಿ ಬರುತ್ತಿದ್ದರೆ ಮೇಲೆ ಘಟ್ಟದಲ್ಲಿ ಜೋರು ಮಳೆಯಾಗಿದೆ ಎಂದರ್ಥ. ದಾಟಬೇಡಿ. ಬಂದ ದಂಡೆಯಲ್ಲೇ ವಾಪಸಾಗಿ. ಅಡಕೆ ಮರದ ಸಂಕ ಪಾಚಿ ಹಿಡಿದಿರುತ್ತದೆ, ಕ್ಯಾಮೆರಾ ಕೊರಳಲ್ಲಿ ಹಾಕಿಕೊಂಡು ದಾಟುವುದು ಬೇಡ. ಕರೆಂಟ್, ನೆಟ್‌ವರ್ಕ್ ಎರಡೂ ಇರುವುದಿಲ್ಲ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೋಗಿ.

ಮನೆಗೆ ಬಂದ ಮೇಲೆ

ಬೂಟಿನ ಕೆಸರು ತೊಳೆದು ಒಣಗಿಸಿ. ಕಪ್ಪೆಗಳಿಗೆ ಬರುವ ಬೂಸ್ಟಿನ ರೋಗ ಕೆಸರಿನ ಜೊತೆ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗಬಲ್ಲದು. ಫೋಟೊ ಹಂಚುವ ಮೊದಲು ಮೊಬೈಲಿನ ಲೊಕೇಶನ್ ತೆಗೆಯಿರಿ. 'ಶಿರಸಿ ಹತ್ತಿರ' ಎಂದರೆ ಸಾಕು. ಗೂಡು, ಹಾವು ಇರುವ ಜಾಗ ಬರೆದರೆ ಮರುದಿನ ಅಲ್ಲಿ ಹತ್ತು ಜನ ನಿಂತಿರುತ್ತಾರೆ.

ಮೊದಲ ವರ್ಷ ನಾನು ಕ್ಯಾಮೆರಾವನ್ನು ಒರೆಸಿ ಹಾಗೇ ಬೀರುವಿನಲ್ಲಿಟ್ಟಿದ್ದೆ. ಚೌತಿ ಹಬ್ಬಕ್ಕೆ ತೆಗೆದಾಗ ಲೆನ್ಸಿನೊಳಗೆ ಜೇಡನ ಬಲೆಯಂಥ ಬಿಳಿ ಎಳೆಗಳು. ಆಯಿ ನೋಡಿ, 'ಉಪ್ಪಿನಕಾಯಿ ಭರಣಿ ಮೇಲೆ ಬಂದ ಹಾಗೇ ಇದೆಯಲ್ಲ' ಎಂದಳು. ನಿಜ, ಅದೂ ಬೂಸ್ಟೇ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಹರಳುಗಳು ತೇವ ಹೀರಿ ಗುಲಾಬಿಯಾದರೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ಹರಳು ನೀಲಿಗೆ ತಿರುಗಿದ ಮೇಲೆ ಪೂರ್ತಿ ಆರಲು ಬಿಟ್ಟು, ಮತ್ತೆ ಡಬ್ಬಿಗೆ ಹಾಕಿ.